ತುರಿಸದ ಮಚ್ಚೆ

ಮೈಮೇಲೆ ಕಲೆಯೊಂದು ಕಂಡಾಗ ನಾವು ಮೊದಲು ಕೇಳಿಕೊಳ್ಳುವುದು, 'ತುರಿಸುತ್ತದೆಯೆ?' ಎಂದು. ತುರಿಸಿದರೆ ಔಷಧದ ಅಂಗಡಿಗೆ ಓಡುತ್ತೇವೆ. ತುರಿಸದಿದ್ದರೆ ಅಂಗಿ ತೊಟ್ಟು ಕೆಲಸಕ್ಕೆ ಹೋಗುತ್ತೇವೆ. ಒಂದು ರೋಗದ ಮಟ್ಟಿಗೆ ಈ ಲೆಕ್ಕ ಪೂರ್ತಿ ತಲೆಕೆಳಗಾದುದು.

ತುರಿಸುವವುಗಳನ್ನು ಮೊದಲು ನೋಡೋಣ. ಧಾರಾವಿಯಲ್ಲಿ ಒಂದೇ ಖೋಲಿಯಲ್ಲಿ ಹಲವರು ಒತ್ತಾಗಿ ಮಲಗುವ ಕಡೆ ಕಜ್ಜಿ ಬೇಗ ಹರಡುತ್ತದೆ. ಬೆರಳ ಸಂದಿನಲ್ಲಿ ಸಣ್ಣ ಗುಳ್ಳೆಗಳು. ರಾತ್ರಿ ನಿದ್ದೆಗೆಡಿಸುವ ತುರಿಕೆ. ಖೋಲಿಯವರೆಲ್ಲರೂ ಒಟ್ಟಿಗೇ ಮದ್ದು ಹಚ್ಚಿಕೊಳ್ಳಬೇಕು. ಗಜಕರ್ಣವು (ಮರಾಠಿಯಲ್ಲಿಯೂ ಇದೇ ಹೆಸರು, ವೈದ್ಯರ ಮುಂದೆ ತಡವರಿಸಬೇಕಿಲ್ಲ) ಉಂಗುರದಂತೆ ಕೆಂಪು ಅಂಚುಗಟ್ಟಿ ಹರಡುತ್ತದೆ. ಇದಕ್ಕೆ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ಕೆಂಪು ನಾಲ್ಕು ದಿನ ಅಡಗಿ, ರೋಗ ಮತ್ತಷ್ಟು ಹಬ್ಬುತ್ತದೆ. ಚರ್ಮದ ಕೆಲಸದವರ, ಗಾರೆ ಕೆಲಸದವರ ಕೈ ಕೆಂಪಾಗಿ ಬಿರಿಯುವುದಕ್ಕೆ ಹದಮಾಡಿದ ಚರ್ಮದಲ್ಲಿಯೂ ಸಿಮೆಂಟಿನಲ್ಲಿಯೂ ಇರುವ ಕ್ರೋಮಿಯಂ ಕಾರಣವಾಗಿರಬಹುದು.

ತುರಿಸದ ಕಲೆಗಳೆಲ್ಲವೂ ಭಯದವಲ್ಲ. ತೊನ್ನು ಹಾಲಿನಂತೆ ಅಚ್ಚ ಬಿಳುಪು. ಅಂಟುರೋಗವಲ್ಲ, ಸ್ಪರ್ಶವೂ ಚೆನ್ನಾಗಿ ತಿಳಿಯುತ್ತದೆ. ಇದನ್ನೇ ಕುಷ್ಠವೆಂದು ಬಗೆದು ಹೆಣ್ಣುಮಕ್ಕಳ ಮದುವೆ ತಪ್ಪಿಸುವುದು ಶುದ್ಧ ಅಜ್ಞಾನ.

ಕುಷ್ಠದ ಮಚ್ಚೆ ಸುತ್ತಲಿನ ಚರ್ಮಕ್ಕಿಂತ ತುಸು ತಿಳಿಯಾಗಿ ಇಲ್ಲವೆ ತಾಮ್ರದಂತೆ ಕೆಂಪಾಗಿರುತ್ತದೆ. ತುರಿಕೆಯಿಲ್ಲ, ನೋವಿಲ್ಲ. ಕಣ್ಣುಮುಚ್ಚಿ ಕುಳಿತು, ಹತ್ತಿಯ ಎಳೆಯಿಂದ ಇನ್ನೊಬ್ಬರು ಮುಟ್ಟಿದ ಕಡೆಯನ್ನು ಬೆರಳಿಟ್ಟು ತೋರಿಸಿರಿ. ಮಚ್ಚೆಯ ಮೇಲೆ ಮುಟ್ಟಿದ್ದು ತಿಳಿಯದಿದ್ದರೆ ಕೂಡಲೆ ವೈದ್ಯರಲ್ಲಿಗೆ ಹೋಗಬೇಕು. ತಿಳಿದರೂ ಮಚ್ಚೆ ಮಾಯದಿದ್ದರೆ ತೋರಿಸಲೇಬೇಕು: ಮುಖದ ಮಚ್ಚೆಗಳಲ್ಲಿ ಸ್ಪರ್ಶ ಉಳಿದಿರುವುದುಂಟು. ಕೆಲವರಿಗೆ ಚರ್ಮ ಎಣ್ಣೆ ಸವರಿದಂತೆ ಹೊಳೆದು, ಕಿವಿಯ ಹಾಲೆ ದಪ್ಪಗಾಗುತ್ತದೆ. ಬೀಡಿ ಬೆರಳು ಸುಟ್ಟರೂ ಅರಿಯದವರು, ಕಾಲಿನ ಚಪ್ಪಲಿ ಜಾರಿದ್ದು ತಿಳಿಯದವರು ಒಂದು ದಿನವೂ ತಡಮಾಡಬಾರದು. ರೋಗಾಣು ನರಗಳನ್ನು ಕೆಡಿಸುತ್ತದೆ. ಹಾಗೆ ಸೊರಗಿದ ಬೆರಳು ಮೊದಲಿನಂತಾಗುವುದು ಕಷ್ಟ. ಹೊಲಿಗೆಯವನಿಗೂ ಗುಮಾಸ್ತನಿಗೂ ಬೆರಳೇ ಬಂಡವಾಳವಲ್ಲವೆ?

ವಡಾಲಾದ ಆ್ಯಕ್ವರ್ತ್ ಆಸ್ಪತ್ರೆ 1890ರಲ್ಲಿ ತೆರೆದಾಗ ಇದಕ್ಕೆ ನೆಚ್ಚುವ ಮದ್ದಿರಲಿಲ್ಲ, ರೋಗಿಯನ್ನು ದೂರವಿಡುತ್ತಿದ್ದರು. 1976ರಲ್ಲಿ ಡಾ. ಆರ್. ಗಣಪತಿಯವರು ಆರಂಭಿಸಿದ ಬಾಂಬೆ ಲೆಪ್ರಸಿ ಪ್ರಾಜೆಕ್ಟ್, ಧಾರಾವಿಯ ಬಸ್ತಿಗಳಲ್ಲಿಯೇ ರೋಗಿಗಳನ್ನು ಹುಡುಕಿ ಮದ್ದು ಕೊಡುವ ಪದ್ಧತಿ ಹಾಕಿತು. ಈಗ 6 ಇಲ್ಲವೆ 12 ತಿಂಗಳ ಗುಳಿಗೆಗಳಿಂದ ರೋಗ ಗುಣವಾಗುತ್ತದೆ. ಸರಕಾರಿ, ಮಹಾನಗರಪಾಲಿಕೆ ಆಸ್ಪತ್ರೆಗಳಲ್ಲಿ ಉಚಿತ. ಗುಳಿಗೆ ಆರಂಭಿಸಿದ ಮೇಲೆ ಸೋಂಕು ಬೇಗನೆ ನಿಲ್ಲುವುದರಿಂದ ಕೆಲಸವನ್ನಾಗಲಿ ಖೋಲಿಯನ್ನಾಗಲಿ ಬಿಡಬೇಕಿಲ್ಲ. ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವೆನ್ನುತ್ತಿದ್ದ ಕಾನೂನಿನ ಕಲಮುಗಳನ್ನು ಸಂಸತ್ತು 2019ರಲ್ಲಿ ತೆಗೆದುಹಾಕಿತು. 2005ರ ಕೊನೆಗೆ ದೇಶದಲ್ಲಿ ರೋಗಿಗಳು 10,000ಕ್ಕೆ ಒಬ್ಬರಿಗಿಂತ ಕಡಿಮೆಯಾದರೆಂದು ಸಾರಿದಾಗ, ರೋಗವೇ ತೊಲಗಿತೆಂದು ಹಲವರು ತಿಳಿದರು. ತೊಲಗಿಲ್ಲ.

ಶೀವ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆಗೆ ಧಾರಾವಿಯಿಂದ ನಡೆದೇ ಹೋಗಬಹುದು. ಅಲ್ಲಿ ಚರ್ಮ ವಿಭಾಗವನ್ನು ಕೇಳಿರಿ. ಗುಳಿಗೆಯಿಂದ ಮೂತ್ರ ಕೆಂಪಾದರೆ, ಚರ್ಮ ಕಪ್ಪಾದರೆ ಹೆದರಿ ನಿಲ್ಲಿಸಬೇಡಿರಿ. ಸುಗ್ಗಿಗೋ ಜಾತ್ರೆಗೋ ಊರಿಗೆ ಹೊರಡುವವರು ಅಷ್ಟು ದಿನದ ಗುಳಿಗೆಗಳನ್ನು ಮುಂಚಿತವಾಗಿ ಕೇಳಿ ಪಡೆಯಿರಿ.