ಲ್ಯಾಬ್ರಡಾರ್ ನಾಯಿಯ ಹಸಿವು

ವಿಶಾಖಪಟ್ಟಣದ ದ್ವಾರಕಾ ನಗರದಂತಹ ಬಡಾವಣೆಯಲ್ಲಿ ಲ್ಯಾಬ್ರಡಾರ್ ಸಾಕುವವರು ಮೊದಲು ಅರಿಯಬೇಕಾದುದು ಅದರ ಹಸಿವನ್ನು. ಈ ತಳಿಯ ಸುಮಾರು ಕಾಲುಭಾಗದಷ್ಟು ನಾಯಿಗಳಲ್ಲಿ, ಹೊಟ್ಟೆ ತುಂಬಿತೆಂಬ ಸೂಚನೆ ನೀಡುವ ವಂಶವಾಹಿಯೊಂದು ಊನಗೊಂಡಿರುವುದನ್ನು 2016ರಲ್ಲಿ ಕೇಂಬ್ರಿಜ್ ವಿಜ್ಞಾನಿಗಳು ತೋರಿಸಿಕೊಟ್ಟರು. ಊಟದ ಹೊತ್ತಿನ ಅದರ ದೀನನೋಟವನ್ನು ನಂಬಲಾಗದು. ಅಜ್ಜಿಯ ಚಪಾತಿ, ಮಗುವಿನ ಬಿಸ್ಕತ್ತು, ಮನೆಯೊಡತಿಯ ತುಪ್ಪದನ್ನ, ಹೀಗೆ ಎಲ್ಲರ ಪ್ರೀತಿಯೂ ಅದರ ಮೈಗೇರುತ್ತದೆ. ಲೆಕ್ಕವನ್ನು ಮಾತ್ರ ಯಾರೂ ಇಡುವುದಿಲ್ಲ. 48 ಲ್ಯಾಬ್ರಡಾರ್‌ಗಳನ್ನು ಮರಿಗಳಿದ್ದಾಗಿನಿಂದ ಕೊನೆಯವರೆಗೂ ಗಮನಿಸಿ, 2002ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ, ಕಾಲುಭಾಗ ಕಡಿಮೆ ಉಂಡವು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು. ಕಡಲತಡಿಯ ಸೆಕೆಯಲ್ಲಿ ನಾಯಿಗೆ ಮೈ ತಂಪಾಗಿಸಿಕೊಳ್ಳಲು ತೇಕುವುದೇ ಮುಖ್ಯ ದಾರಿ. ಕೊಬ್ಬಿದ ನಾಯಿಗೆ ಅದೂ ಕಷ್ಟ. ಬೇಸಗೆಯಲ್ಲಿ ತಿರುಗಾಟ ಬಿಸಿಲೇರುವ ಮುನ್ನವೇ ಮುಗಿಯಲಿ. ಪಕ್ಕೆಯ ಮೇಲೆ ಕೈಯಾಡಿಸಿದರೆ ಎಲುಬು ಬೆರಳಿಗೆ ಸಿಕ್ಕಬೇಕು. ಈರುಳ್ಳಿ, ದ್ರಾಕ್ಷಿ ಸರ್ವಥಾ ಕೂಡದು. ಪಾಯಸದ ಒಣದ್ರಾಕ್ಷಿಯೂ ಅದರ ಮೂತ್ರಪಿಂಡಕ್ಕೆ ವಿಷವಾಗಬಲ್ಲದು.