ಬಾರದ ಎರಡನೆಯವರ ಪಾಲು

ಮೂವತ್ತೊಂದು ವರ್ಷಗಳ ಕಾಲ ತೀರ್ಥಹಳ್ಳಿ ಸೀಮೆಯ ಪ್ರೌಢಶಾಲೆಗಳಲ್ಲಿ ಭೂಗೋಳವನ್ನು ಬೋಧಿಸಿ, ವರ್ಷಕ್ಕೊಮ್ಮೆ ತಪ್ಪದೆ ಕಪ್ಪುಹಲಗೆಯ ಮೇಲೆ ಬಿಳಿಯ ಸೀಮೆಸುಣ್ಣದಿಂದ ಹಿಮನದಿಯ ಚಿತ್ರವನ್ನು ಬರೆದು, ಅದು ಚಲಿಸುವ ದಿಕ್ಕಿಗೆ ಬಾಣದ ಗುರುತನ್ನೂ ಹಾಕಿ, ಅಷ್ಟಾದರೂ ಮಂಜುಗಡ್ಡೆಯನ್ನು ಮದುವೆಮನೆಯ ಶರಬತ್ತಿನ ಲೋಟದಲ್ಲಲ್ಲದೆ ಮತ್ತೆಲ್ಲಿಯೂ ಕಂಡರಿಯದ ನಾನು, ನಿವೃತ್ತನಾದ ತರುವಾಯ ಅಲಾಸ್ಕಕ್ಕೆ ಹೋಗುವ ವಿಹಾರದ ಹಡಗನ್ನು ಒಬ್ಬಂಟಿಗನಾಗಿ ಏರಿದೆನೆಂಬುದು ನನ್ನ ಬಂಧುವರ್ಗಕ್ಕೆ ಇಂದಿಗೂ ಪರಿಹಾಸ್ಯದ ವಿಷಯವಾಗಿದೆ. ಮಗಳ ಬಾಣಂತನಕ್ಕೆಂದು ನಾವಿಬ್ಬರೂ ಸಿಯಾಟಲ್ ನಗರಕ್ಕೆ ಹೋಗಿದ್ದೆವು. ಅಲ್ಲಿ ನನ್ನ ಪತ್ನಿಗೆ ಬಿಡುವಿಲ್ಲದಷ್ಟು ಕೆಲಸ. ನನಗೆ ಕೆಲಸವಿಲ್ಲದಷ್ಟು ಬಿಡುವು. ಏಳು ರಾತ್ರಿಗಳ ಪ್ರಯಾಣದ ಪ್ರಸ್ತಾಪವನ್ನು ಮಗಳು ಎತ್ತಿದಾಗ, “ನಂಗೆ ತುಂಗೆಯ ದೋಣಿಯೇ ಸಾಕಾಗಿದೆ ಮಾರಾಯ್ರೆ, ನೀವು ಹೋಗಿ, ಇಲ್ಲಿ ಕಾಲಿಗೆ ತೊಡರೋದಾದ್ರೂ ತಪ್ಪತ್ತೆ” ಎಂದು ಪತ್ನಿ ಅಪ್ಪಣೆ ಕೊಟ್ಟಳು.

ಹಡಗಿನ ದರವನ್ನು ಒಂದು ಕೊಠಡಿಯಲ್ಲಿ ಇಬ್ಬರಿರುವರೆಂಬ ಗಣನೆಯಿಂದಲೇ ನಿಗದಿಮಾಡುವರಾದ್ದರಿಂದ, ಒಬ್ಬನೇ ಹೋಗುವವನು ಬಾರದ ಎರಡನೆಯವರ ಪಾಲನ್ನೂ ಬಹುಮಟ್ಟಿಗೆ ತಾನೇ ತೆರಬೇಕಾಗುತ್ತದೆಂಬ ನ್ಯಾಯವನ್ನು ನಾನು ಆಗ ಮೊದಲು ಕಲಿತೆನು. ಒಂಟಿಯವರಿಗೆಂದೇ ಕಿರುಕೊಠಡಿಗಳನ್ನಿಟ್ಟಿರುವ ಹಡಗುಗಳೂ ಉಂಟು. ಆದರೆ ಅವು ಕೆಲವೇ ಆದುದರಿಂದ ಬೇಗನೆ ಭರ್ತಿಯಾಗಿರುತ್ತವೆ. ಎರಡನೆಯ ಪಾಠ ವೀಸಾದ್ದು. ಪರದೇಶದ ಧ್ವಜವನ್ನು ಹಾರಿಸುವ ಹಡಗು ಅಮೆರಿಕದ ಬಂದರಿನಿಂದ ಹೊರಟು ನಡುವೆ ಯಾವ ಅನ್ಯದೇಶವನ್ನೂ ಮುಟ್ಟದೆ ಇಂಥ ವಿಹಾರವನ್ನು ನಡೆಸಕೂಡದೆಂದು 1886ರ ಶಾಸನವೊಂದು ಅಲ್ಲಿ ಇನ್ನೂ ಜಾರಿಯಲ್ಲಿರುವ ಕಾರಣ, ಸಿಯಾಟಲ್‌ನಿಂದ ಹೊರಡುವ ಅಲಾಸ್ಕದ ಹಡಗುಗಳು ಕೆಲವು ಗಂಟೆಗಳ ಮಟ್ಟಿಗಾದರೂ ಕೆನಡಾದ ನೆಲಕ್ಕೆ, ಸಾಮಾನ್ಯವಾಗಿ ವಿಕ್ಟೋರಿಯ ಬಂದರಿಗೆ, ತಗಲಿಯೇ ಬರುತ್ತವೆ. ಆ ಕೆಲವು ಗಂಟೆಗಳಿಗಾಗಿ ನಮ್ಮ ಪಾಸ್‌ಪೋರ್ಟಿನವರು ಕೆನಡಾದ ವೀಸಾವನ್ನೂ ಮೊದಲೇ ಪಡೆದಿರಬೇಕು. ಇದನ್ನರಿಯದೆ ನಾನು ಒಂದು ತಿಂಗಳನ್ನು ಕಳೆದುಕೊಂಡೆನು.

ಊಟದ ಮನೆಯಲ್ಲಿ ಮೊದಲ ರಾತ್ರಿ ಇಬ್ಬರ ಮೇಜಿನ ಮುಂದೆ ಒಬ್ಬನೇ ಕುಳಿತು, ಎದುರಿನ ಬರಿದಾದ ಕುರ್ಚಿಯನ್ನು ನೋಡುತ್ತ ಉಂಡದ್ದು ನನಗೆ ಶ್ರಾದ್ಧದ ಎಲೆಯ ನೆನಪನ್ನು ತಂದಿತಾದ್ದರಿಂದ, ಮರುದಿನ ಬೆಳಗ್ಗೆಯೇ ಊಟದ ಮನೆಯ ಮುಖ್ಯಸ್ಥನಲ್ಲಿಗೆ ಹೋಗಿ, ಹತ್ತು ಜನರ ಪಂಕ್ತಿಯಲ್ಲಿ ಒಂದು ಸ್ಥಾನವನ್ನು ಬೇಡಿಕೊಂಡೆನು. ಆತ ಗೋವೆಯವನು. ಹಿಂದಿನ ರಾತ್ರಿ ಹೇಳಿಟ್ಟರೆ ಮರುದಿನ ಅನ್ನ ಬೇಳೆ ಮಾಡಿಸಿಕೊಡುವ ಉಪಕಾರವನ್ನೂ ಮಾಡಿದನು. ಆ ಪಂಕ್ತಿಯಲ್ಲಿ, ಹಲವು ಹಡಗುಗಳನ್ನು ಒಬ್ಬಳೇ ಹತ್ತಿಳಿದ ಎಂಬತ್ತರ ಮುದುಕಿಯೊಬ್ಬಳಿದ್ದಳು. ದಡಕ್ಕೆ ಇಳಿದಾಗ ಹಡಗು ಹೊರಡುವ ಹೊತ್ತನ್ನು ಅಂಗೈಯ ಮೇಲೆ ಬರೆದುಕೊಳ್ಳಬೇಕೆಂದೂ, ಹಡಗಿನವರೇ ಏರ್ಪಡಿಸಿದ ಸುತ್ತಾಟಕ್ಕೆ ಹೋದವರಿಗಾಗಿ ಹಡಗು ಕಾದರೂ ಕಾಯಬಹುದು, ಸ್ವತಂತ್ರವಾಗಿ ತಿರುಗಹೋದ ಒಂಟಿಯವನಿಗಾಗಿ ಕಾಯದೆಂದೂ ಆಕೆ ಹೇಳಿದ ಮಾತನ್ನು ನಾನು ಶಿರಸಾವಹಿಸಿ ಪಾಲಿಸಿದೆನು.

ಆದರೂ ಕಾಲ ನನ್ನನ್ನು ಬೇರೆ ಬಗೆಯಲ್ಲಿ ವಂಚಿಸಿತು. ಅಲಾಸ್ಕದ ಗಡಿಯಾರ ಸಿಯಾಟಲ್‌ನದಕ್ಕಿಂತ ಒಂದು ಗಂಟೆ ಹಿಂದೆ. ಹೋಗುವಾಗ ಕೈಗಡಿಯಾರವನ್ನು ತಿದ್ದಲು ಮರೆತು, ಮುಚ್ಚಿದ ಊಟದ ಬಾಗಿಲಿನ ಮುಂದೆ ಒಂದು ಗಂಟೆ ನಿಂತೆನು. ಬರುವಾಗ ಮತ್ತೆ ಮರೆತು, ಪಂಕ್ತಿಯೆಲ್ಲ ಎದ್ದುಹೋದ ಮೇಲೆ ತಲಪಿದೆನು. ರೇಖಾಂಶಗಳ ಪಾಠವನ್ನು ಮೂವತ್ತೊಂದು ಸಲ ಮಾಡಿದವನ ಗತಿ ಇದು! ಮನೆಯಲ್ಲಿ ಗಂಟೆಯನ್ನು ನೆನಪಿಸುವ ಕಾರ್ಯ ಇನ್ನೊಬ್ಬರದಾಗಿತ್ತೆಂಬುದು ಆಗ ಅರಿವಿಗೆ ಬಂದಿತು.

ಕೆಚಿಕನ್ ಎಂಬ ಊರಿನ ಹಡಗುಕಟ್ಟೆಯಲ್ಲಿ, ವರ್ಷಕ್ಕೆ ಸುಮಾರು 150 ಅಂಗುಲ ಬೀಳುವ ತಮ್ಮ ಮಳೆಯನ್ನು ಅಭಿಮಾನದಿಂದ ಸಾರುವ ಎತ್ತರದ ಅಳತೆಯ ಫಲಕವೊಂದನ್ನು ನಿಲ್ಲಿಸಿದ್ದಾರೆ. ಆಗುಂಬೆಯಲ್ಲಿ ಅದರ ಇಮ್ಮಡಿ ಬೀಳುತ್ತದೆಂದು ನಾನು ಪಕ್ಕದವರೊಡನೆ ಹೇಳಿದೆನು. ಯಾರೂ ನಂಬಲಿಲ್ಲ. ಜೂನೋ ಅಲಾಸ್ಕದ ರಾಜಧಾನಿಯಾದರೂ ಹೊರಗಿನಿಂದ ಅಲ್ಲಿಗೆ ರಸ್ತೆಯೇ ಇಲ್ಲದಿರುವುದು ಮಾತ್ರ ನನಗೂ ಹೊಸದಾಗಿತ್ತು.

ಇನ್ನು ಗ್ಲೇಸಿಯರ್ ಬೇ. ದಿನವೊಂದಕ್ಕೆ ಎರಡೇ ದೊಡ್ಡ ಹಡಗುಗಳಿಗೆ ಪ್ರವೇಶವಿರುವ ಆ ಕೊಲ್ಲಿಯಲ್ಲಿ, 1794ರಲ್ಲಿ ಬ್ರಿಟಿಷ್ ನಾವಿಕ ವ್ಯಾಂಕೂವರನ ಕಡೆಯವರು ಬಂದಾಗ ಬಾಯ ತನಕ ಮಂಜುಗಡ್ಡೆಯೇ ತುಂಬಿತ್ತು. 1879ರಲ್ಲಿ ನಿಸರ್ಗತಜ್ಞ ಜಾನ್ ಮ್ಯೂರ್ ಬರುವ ವೇಳೆಗೆ ಅದು 30 ಮೈಲಿಗಳಿಗೂ ಹೆಚ್ಚು ಹಿಂದೆ ಸರಿದಿತ್ತು. ಅದಕ್ಕೂ ಮೊದಲು ಮುನ್ನುಗ್ಗಿ ಬಂದ ಹಿಮ ಅಲ್ಲಿಯ ಟ್ಲಿಂಗಿಟ್ ಜನರನ್ನು ಅವರ ನೆಲೆಯಿಂದ ಒಕ್ಕಲೆಬ್ಬಿಸಿತ್ತು. ಅಳಿಯನ ದಪ್ಪ ಕೋಟನ್ನು ತೊಟ್ಟು ನಾನು ಹಡಗಿನ ಅಟ್ಟದ ಮೇಲೆ ನಿಂತಿದ್ದಾಗ, 21 ಮೈಲಿ ಉದ್ದದ ಮಾರ್ಜರಿ ಹಿಮನದಿ ಒಂದು ಮೈಲಿಯಗಲದ ಗೋಡೆಯಾಗಿ ಎದುರಾಯಿತು. ಅದರ ಅಂಚಿನಿಂದ ಮನೆಯಷ್ಟು ದೊಡ್ಡ ತುಂಡೊಂದು ನಿಶ್ಶಬ್ದವಾಗಿ ಕಳಚಿ ನೀರಿಗೆ ಬಿದ್ದು, ಆಮೇಲೆ, ಅದು ಬಿದ್ದುದನ್ನು ನಾನು ನಂಬಿದ ಮೇಲೆ, ಸದ್ದು ಬಂದಿತು. ಟ್ಲಿಂಗಿಟ್ ಜನ ಅದನ್ನು ಬಿಳಿಯ ಗುಡುಗೆನ್ನುತ್ತಾರೆ. ಇಂಗ್ಲಿಷರು ಹಸು ಕರು ಹಾಕುವುದಕ್ಕೆ ಬಳಸುವ ಮಾತನ್ನೇ ಇದಕ್ಕೂ ಬಳಸುತ್ತಾರೆ. ನಮ್ಮಲ್ಲಿ ಹಿಮನದಿ ಈಯಿತೆಂದರೆ ಮಕ್ಕಳು ನಕ್ಕಾರು!

ಜೊತೆಯಲ್ಲಿ ಯಾರಾದರೂ ಇದ್ದಿದ್ದರೆ ನಾನು ಆ ಕ್ಷಣವೇ ಪಾಠವನ್ನು ಆರಂಭಿಸಿಬಿಡುತ್ತಿದ್ದೆನು. ವಿವರಿಸುವ ಚಟ ಮೇಷ್ಟರನ್ನು ಚಿತೆಯ ತನಕ ಬಿಡದು. ಕೇಳುವವರೇ ಇಲ್ಲವಾದ್ದರಿಂದ ಬಾಯಿ ಮುಚ್ಚಿ ಒಂದು ಗಂಟೆ ನೋಡಿದೆನು. ನೋಡಿದಾಗ ತಿಳಿದದ್ದು: ಹಿಮನದಿ ಬಿಳಿದಲ್ಲ. ಒತ್ತಿ ಒತ್ತಿ ಗಟ್ಟಿಗೊಂಡ ಮಂಜು ಬೆಳಕಿನ ಕೆಂಪನ್ನು ಹೀರಿಬಿಡುವುದರಿಂದ ಬಿರುಕುಗಳಲ್ಲೆಲ್ಲ ಗಾಢವಾದ ನೀಲಿ. ಬೆಟ್ಟದಿಂದ ಹೊತ್ತು ತಂದ ಕಲ್ಲುಮಣ್ಣಿನ ಕಪ್ಪು ಪಟ್ಟಿಗಳು ಉದ್ದಕ್ಕೂ. ಪಕ್ಕದ ಗ್ರ್ಯಾಂಡ್ ಪೆಸಿಫಿಕ್ ಹಿಮನದಿಯಂತೂ ಉತ್ತುಬಿಟ್ಟ ಹೊಲದಂತೆ ಕೊಳೆ. ಬಾರದ ಎರಡನೆಯವರಿಗಾಗಿ ತೆತ್ತ ಹಣದ ಬಗೆಗಿನ ನನ್ನ ಮುನಿಸು ಅಂದಿಗೆ ತೀರಿತು.

ಈಗ ಭೂಗೋಳವನ್ನು ಬೋಧಿಸುತ್ತಿರುವ ಮೇಷ್ಟರುಗಳಲ್ಲಿ ನನ್ನದೊಂದು ವಿನಂತಿ: ನದಿಗೂ ಕಡಲಿಗೂ ಎಂದು ಎತ್ತಿಟ್ಟಿರುವ ನೀಲಿ ಸೀಮೆಸುಣ್ಣವನ್ನು ಹಿಮನದಿಗೂ ಬಳಸಿರಿ, ನಡುವೆ ಒಂದಿಷ್ಟು ಇದ್ದಿಲ ಗೆರೆಯನ್ನೂ ಎಳೆಯಿರಿ.