ಸಿಂಹಾಸನದಿಂದ ರಾಜಭವನಕ್ಕೆ

ಮೂಡುಬಿದಿರೆಯ ಚೌಟರ ಅರಮನೆಯನ್ನು ನೋಡದ ವಿದ್ಯಾರ್ಥಿಗಳು ನಮ್ಮಲ್ಲಿ ವಿರಳ. ಒಂಬತ್ತು ಮಂದಿ ಸ್ತ್ರೀಯರು ಸೇರಿ ಆನೆಯಾಗಿಯೂ, ಐವರು ಸೇರಿ ಕುದುರೆಯಾಗಿಯೂ ತೋರುವ ಅಲ್ಲಿಯ ಮರದ ಕೆತ್ತನೆಗಳನ್ನು ಕಂಡು ನಾವು ಬೆರಗಾಗುತ್ತೇವೆ. ಆದರೆ ಆ ಕಂಬಗಳ ನಡುವೆ ಬಾಳಿದ ಅರಸುಮನೆತನವು ಅಧಿಕಾರ ಹೋದ ಬಳಿಕ ಏನಾಯಿತೆಂದು ಕೇಳುವವರು ಕಡಿಮೆ. ಬ್ರಿಟಿಷರ ಕಾಲದಲ್ಲಿ ಅದಕ್ಕೆ ಒಂದು ಅಲ್ಪ ಪಿಂಚಣಿ ಸಲ್ಲುತ್ತಿದ್ದಿತು. ಬೆಳ್ತಂಗಡಿ ತಾಲೂಕಿನ ಬಂಗಾಡಿಯ ಬಂಗರು, ವೇಣೂರಿನ ಅಜಿಲರು ಇವರ ಸಂಗತಿಯೂ ಬಹುಮಟ್ಟಿಗೆ ಇಂಥದೇ; ಹೆಸರು ಉಳಿಯಿತು, ಆಡಳಿತ ಹೋಯಿತು.

ಆಳುವ ಅಧಿಕಾರ ಹೋದ ಅರಸರೊಬ್ಬರು ಅದೇ ನಾಡಿನ ಅಗ್ರಸ್ಥಾನದಲ್ಲಿ ಹದಿನಾಲ್ಕು ವರ್ಷಗಳ ಕಾಲ ಉಳಿದುದು ಇದಕ್ಕಿಂತ ವಿಚಿತ್ರವಾದ ಸಂಗತಿ. ಮೈಸೂರಿನ ಶ್ರೀ ಜಯಚಾಮರಾಜ ಒಡೆಯರ ಜೀವನವನ್ನು ಈ ದೃಷ್ಟಿಯಿಂದ ನೋಡಬೇಕೆಂಬುದು ಈ ಲೇಖನದ ಉದ್ದೇಶ.

1919ರ ಜುಲೈ 18ರಂದು ಜನಿಸಿದ ಒಡೆಯರು 1938ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಿಂದ ಪದವೀಧರರಾದರು. 1940ರಲ್ಲಿ ಮೊದಲು ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರೂ, ಕೆಲವೇ ತಿಂಗಳಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ತೀರಿಕೊಂಡರು. ಆ ವರ್ಷದ ಸೆಪ್ಟೆಂಬರಿನಲ್ಲಿ ಪಟ್ಟವೇರಿದಾಗ ಅವರಿಗೆ ಇಪ್ಪತ್ತೊಂದು ವರ್ಷ. ನಮ್ಮಲ್ಲಿ ಹಲವರ ವಯಸ್ಸು!

ಅವರು ಅಧಿಕಾರವನ್ನು ತಾವಾಗಿಯೇ ಪ್ರಜೆಗಳಿಗೆ ಒಪ್ಪಿಸಿದರೆಂದು ಬರೆಯುವವರುಂಟು. ಇದು ಅರ್ಧ ಸತ್ಯ. 1947ರ ಆಗಸ್ಟಿನಲ್ಲಿಯೇ ಅವರು ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದುದು ನಿಜ. ಆದರೆ ಜವಾಬ್ದಾರಿ ಸರಕಾರಕ್ಕಾಗಿ ಜನರು ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿಯನ್ನು ಹೂಡಬೇಕಾಯಿತು. ಅದರಲ್ಲಿ ಗುಂಡೇಟಿಗೆ ಬಲಿಯಾದ ರಾಮಸ್ವಾಮಿ ಎಂಬ ವಿದ್ಯಾರ್ಥಿಯ ಹೆಸರು ಇಂದಿಗೂ ಮೈಸೂರಿನ ಒಂದು ವೃತ್ತಕ್ಕೆ ಇದೆ. ಅಕ್ಟೋಬರಿನಲ್ಲಿ ಒಪ್ಪಂದವಾಗಿ ಶ್ರೀ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಬಂದಿತು. ವಿದ್ಯಾರ್ಥಿಗಳಾದ ನಾವು ಅರಸರನ್ನು ಹೊಗಳುವಾಗ ಆ ವಿದ್ಯಾರ್ಥಿಯನ್ನು ಬಿಟ್ಟು ಹೊಗಳುವುದು ನ್ಯಾಯವಲ್ಲ. ಹಾಗೆಯೇ ಅವರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ ರಾಜಧನ ಗೊತ್ತಾಗಿದ್ದುದನ್ನೂ ಹೇಳಬೇಕು. ಸಂವಿಧಾನವು ರಾಜ್ಯಪಾಲರಿಗೆ ಗೊತ್ತುಪಡಿಸಿದ್ದ ವೇತನವು ತಿಂಗಳಿಗೆ 5,500 ರೂಪಾಯಿ ಮಾತ್ರ.

1950ರ ಜನವರಿ 26ರಂದು ಮಹಾರಾಜರು ‘ರಾಜಪ್ರಮುಖ’ರಾದರು. ಹಳೆಯ ಸಂಸ್ಥಾನಗಳಿಂದಾದ ರಾಜ್ಯಗಳಿಗೆ ಇದ್ದ ಈ ಪದವಿಯು 1956ರ ನವೆಂಬರ್ 1ರಂದು ರದ್ದಾಯಿತು. ಹೈದರಾಬಾದಿನ ನಿಜಾಮರು, ತಿರುವಾಂಕೂರಿನ ಮಹಾರಾಜರು ಮೊದಲಾದವರು ಅಂದಿಗೆ ಹಿಂದೆ ಸರಿದರು. ಮೈಸೂರಿನ ರಾಜಪ್ರಮುಖರು ಮಾತ್ರ ಅದೇ ದಿನ ವಿಶಾಲ ಮೈಸೂರು ರಾಜ್ಯದ ರಾಜ್ಯಪಾಲರಾದರು.

ಆ ದಿನವೇ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯು, ಕಾಸರಗೋಡನ್ನು ಕೇರಳಕ್ಕೆ ಬಿಟ್ಟು, ಮದ್ರಾಸಿನಿಂದ ಮೈಸೂರಿಗೆ ಸೇರಿದುದು. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ ಮೈಸೂರು ಒಡೆಯರಿಗೂ, ಕರಾವಳಿಯು ಕಂಪೆನಿಗೂ ಹೋಗಿದ್ದಿತು. ಆದುದರಿಂದ ಬಂಟ್ವಾಳದ ಕೃಷಿಕನಿಗಾಗಲಿ ಮೂಡುಬಿದಿರೆಯ ವ್ಯಾಪಾರಿಗಾಗಲಿ ಅವರು ಎಂದೂ ಮಹಾರಾಜರಾಗಿರಲಿಲ್ಲ. ಘಟ್ಟದ ಮೇಲಿನವರು ‘ನಮ್ಮ ದೊರೆ’ ಎಂದು ಕೈಮುಗಿದವರು ನಮಗೆ ಕಾಯಿದೆಯ ಕಾಗದಕ್ಕೆ ಸಹಿ ಹಾಕುವ ಒಬ್ಬ ಅಧಿಕಾರಸ್ಥರು, ಅಷ್ಟೆ. ಅವರ ಪದವಿಯ ನಿಜವಾದ ಸ್ವರೂಪವು ನಮ್ಮ ಕಡೆಯಿಂದ ನೋಡಿದವರಿಗೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆಂದು ನನಗೆ ತೋರುತ್ತದೆ.

ಸಂವಿಧಾನದ 163ನೆಯ ವಿಧಿಯಂತೆ ರಾಜ್ಯಪಾಲರು ಮಂತ್ರಿಮಂಡಲದ ನೆರವು ಮತ್ತು ಸಲಹೆಯಂತೆ ನಡೆಯಬೇಕು. ಶ್ರೀಗಳಾದ ನಿಜಲಿಂಗಪ್ಪ, ಜತ್ತಿ, ಕಂಠಿ ಇವರ ಮಂತ್ರಿಮಂಡಲಗಳು ಅವರ ಕಾಲದಲ್ಲಿ ಬಂದುವು, ಹೋದುವು. ಒಮ್ಮೆಯೂ ಇಲ್ಲಿ ರಾಷ್ಟ್ರಪತಿ ಆಳ್ವಿಕೆ ಬರಲಿಲ್ಲ. ಅದು ಮೊದಲು ಬಂದುದು 1971ರಲ್ಲಿ. ನೆರೆಯ ಕೇರಳದಲ್ಲಿ 1959ರಲ್ಲಿಯೇ ಮಂತ್ರಿಮಂಡಲವನ್ನು ವಜಾ ಮಾಡಿದ್ದರು.

ಅವರ ಕಾಲದ ಮಸೂದೆಗಳಲ್ಲಿ ನಮ್ಮ ತಾಲೂಕುಗಳಿಗೆ ಮುಖ್ಯವಾದುದು ಮೈಸೂರು ಭೂಸುಧಾರಣಾ ಮಸೂದೆ. ಗೇಣಿಗೆ ಮಿತಿ, ಗೇಣಿದಾರನಿಗೆ ಭದ್ರತೆ, ಹಿಡುವಳಿಗೆ ಪರಮಾವಧಿ ಇವು ಅದರ ತಿರುಳು. ರಾಜ್ಯಪಾಲರ ಮೂಲಕ ರಾಷ್ಟ್ರಪತಿಗಳಿಗೆ ಹೋಗಿ, 1962ರ ಮಾರ್ಚ್ 5ರಂದು ಒಪ್ಪಿಗೆ ಪಡೆದು, 1965ರ ಅಕ್ಟೋಬರ್ 2ರಿಂದ ಅದು ಜಾರಿಗೆ ಬಂದಿತು. ತಲೆತಲಾಂತರದಿಂದ ಭೂಮಿಯ ಒಡೆತನವನ್ನೇ ಹೆಸರಿನಲ್ಲಿ ಧರಿಸಿದ ಮನೆತನದವರೊಬ್ಬರು, ಒಡೆಯರ ಹಕ್ಕನ್ನು ಮೊಟಕುಗೊಳಿಸುವ ಕಾಯಿದೆಯನ್ನು ದೆಹಲಿಗೆ ಮುಟ್ಟಿಸುವ ಸ್ಥಾನದಲ್ಲಿದ್ದರು! ಅವರ ಮನಸ್ಸಿನಲ್ಲಿ ಏನಿದ್ದರೂ ಕಾಗದವು ನಿಲ್ಲಲಿಲ್ಲ. ಅಲಂಕಾರದ ಪದವಿಯೆಂದು ನಾವು ಹಾಸ್ಯ ಮಾಡುವ ರಾಜ್ಯಪಾಲರ ಕೆಲಸದಲ್ಲಿ ಕಠಿನವಾದುದು ಇದೇ ಇರಬೇಕು.

ಕೈ ಖಾಲಿಯಾದವರ ಮನಸ್ಸು ಖಾಲಿಯಾಗಬೇಕಾಗಿಲ್ಲ. ಅವರು ಸುಮಾರು ತೊಂಬತ್ತನಾಲ್ಕು ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದರು. ಋಗ್ವೇದವನ್ನು ಕನ್ನಡಕ್ಕೆ ತರಿಸಿದರು. ರಷ್ಯದ ಸಂಗೀತಕಾರ ಮೆಟ್ನರರ ಕೃತಿಗಳ ಧ್ವನಿಮುದ್ರಣಕ್ಕೆ ಹಣವೊದಗಿಸಿದರು. 1950ರ ಮೇ 22ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸ್‌ರ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿಗೆ ಕೇಳಿಬಂದುದೂ ಅವರ ಧನಸಹಾಯದ ಭರವಸೆಯಿಂದಲೇ.

1964ರ ಮೇ ತಿಂಗಳಲ್ಲಿ ಅವರು ನಮ್ಮ ಜಿಲ್ಲೆಯು ಬಿಟ್ಟುಬಂದ ಮದ್ರಾಸಿಗೇ ರಾಜ್ಯಪಾಲರಾಗಿ ಹೋದರು. ಮರುವರ್ಷ ಅಲ್ಲಿ ಹಿಂದೀ ವಿರೋಧಿ ಚಳವಳಿಯು ಭುಗಿಲೆದ್ದಿತು. ಮತ್ತೆ ವಿದ್ಯಾರ್ಥಿಗಳೇ ಬೀದಿಗಿಳಿದರು. 1966ರಲ್ಲಿ ಅವರು ಆ ಪದವಿಯನ್ನು ಬಿಟ್ಟರು. 1971ರ ಸಂವಿಧಾನ ತಿದ್ದುಪಡಿಯಿಂದ ರಾಜಧನವೂ, ‘ಮಹಾರಾಜ’ ಎಂಬ ಮನ್ನಣೆಯೂ ಹೋದುವು.

1962ರ ಕಾಯಿದೆಯಿಂದ ನಮ್ಮ ಕಡೆಯ ಗೇಣಿದಾರರಿಗೆ ಭೂಮಿ ಸಿಕ್ಕಿತೆಂದು ಯಾರೂ ತಿಳಿಯಬಾರದು. ಅದಕ್ಕೆ ಹಲ್ಲು ಬಂದುದು 1974ರ ಮಾರ್ಚ್ 1ರಂದು ಜಾರಿಗೆ ಬಂದ ತಿದ್ದುಪಡಿಯಿಂದ. ನನ್ನ ಅಜ್ಜ ಬಂಟ್ವಾಳ ತಾಲೂಕಿನಲ್ಲಿ ಚಾಲಗೇಣಿಗೆ ಸಾಗುವಳಿ ಮಾಡುತ್ತಿದ್ದವರು, ಆ ತಿದ್ದುಪಡಿಯ ಮೇಲೆ ‘ಡಿಕ್ಲರೇಶನ್’ ಕೊಟ್ಟು ಒಂದೂವರೆ ಎಕರೆ ಗದ್ದೆಗೆ ಹಕ್ಕುದಾರರಾದರು. ಓದು ಬರಹ ತಿಳಿಯದ ಅವರು ಅರ್ಜಿಗೆ ಹೆಬ್ಬೆಟ್ಟು ಒತ್ತಿದ್ದರಂತೆ. ಆ ವರ್ಷವೇ, ಸೆಪ್ಟೆಂಬರ್ 23ರಂದು, ಶ್ರೀ ಜಯಚಾಮರಾಜ ಒಡೆಯರು ತಮ್ಮ ಐವತ್ತೈದನೆಯ ವಯಸ್ಸಿನಲ್ಲಿ ದಿವಂಗತರಾದರು.